ಊರಿನ ಕಿಲೋಮೀಟರು

ಬೋರ್ಡು ಬರೆಯುವವನು ಬೋರ್ಡು ಓದಬಾರದು ಅನ್ನುವುದು ಪೇಂಟರನ ಜೀವನದ ಒಂದೇ ಒಂದು ಸಿದ್ಧಾಂತ. ನಾಯಿಯೇ ಇಲ್ಲದ ಮನೆಗೆ ‘ನಾಯಿ ಇದೆ, ಎಚ್ಚರಿಕೆ’ ಅಂತ ಬರೆದುಕೊಟ್ಟವನು ಅವನು. ಮೂರು ದಿನದ ಬ್ರೆಡ್ಡು ಮಾರುವ ಬೇಕರಿಗೆ ‘ಈಗಷ್ಟೇ ಒಲೆಯಿಂದ’ ಅಂತ ಕೆಂಪಕ್ಷರದಲ್ಲಿ ಬರೆದು, ಅದರ ಮೇಲೆ ಹಬೆಯ ಸುರುಳಿ ಬೇರೆ ಬಿಡಿಸಿಕೊಟ್ಟ. ಹಲ್ಲಿನ ಡಾಕ್ಟರಿಗೆ ‘ನೋವಿಲ್ಲದೆ ಹಲ್ಲು ತೆಗೆಯಲಾಗುತ್ತದೆ’ ಅಂತ ಬರೆದು, ಬಣ್ಣ ಒಣಗುವ ಮೊದಲೇ ಅದೇ ಬೋರ್ಡಿನ ಕೆಳಗೆ ಹಾದು ಒಳಗೆ ಹೋಗಿ ತನ್ನದೊಂದು ದವಡೆ ಹಲ್ಲು ಕೀಳಿಸಿಕೊಂಡ. ಅವನು ಕಿರುಚಿದ್ದು ಬಸ್ ಸ್ಟ್ಯಾಂಡಿನವರೆಗೂ ಕೇಳಿತಂತೆ. ಕೆನ್ನೆ ಹಿಡಿದುಕೊಂಡು ಹೊರಗೆ ಬಂದವನು ಬೋರ್ಡನ್ನು ಇನ್ನೊಮ್ಮೆ ನೋಡಿ, ಅಂಚಿನ ಗೆರೆ ಒಂಚೂರು ಓರೆಯಾಗಿದೆಯಲ್ಲ ಅಂತ ಸರಿಮಾಡಿ ಮನೆಗೆ ಹೋದ.

ಅವನ ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಗೆ ಒರಗಿಸಿದ ತಗಡುಗಳು, ಮುಚ್ಚಳ ಅಂಟಿಹೋದ ಬಣ್ಣದ ಡಬ್ಬಿಗಳು, ಟರ್ಪಂಟೈನಿನಲ್ಲಿ ನೆನೆಯುತ್ತಿರುವ ಬ್ರಷ್ಷುಗಳು. ಹಿಂದಿನ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಮಿಷನ್ನು. ಮೂವತ್ತು ವರ್ಷ ಅವಳು ಕಾಲಲ್ಲಿ ಮಿಷನ್ನು ತುಳಿದು ಊರಿನ ಮಕ್ಕಳಿಗೆಲ್ಲ ಯೂನಿಫಾರಂ ಹೊಲಿದಳು, ಅವನು ಊರಿಗೆಲ್ಲ ಬೋರ್ಡು ಬರೆದ. ಅವಳು ಹೊಲಿದ ಚಡ್ಡಿ ಸೊಂಟಕ್ಕೆ ಸರಿಯಾಗಿ ಕೂರದಿದ್ದರೆ ಮಗುವಿನ ತಾಯಿ ಮರುದಿನವೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಅವನು ಬರೆದದ್ದು ಸುಳ್ಳಾದರೆ ಯಾರೂ ಬರುತ್ತಿರಲಿಲ್ಲ. ಇದು ತನ್ನ ಕೆಲಸದ ಅಚ್ಚುಕಟ್ಟುತನ ಅಂತಲೇ ಅವನು ತಿಳಿದುಕೊಂಡಿದ್ದ.

ಹನ್ನೆರಡು ವರ್ಷದ ಹಿಂದೆ ಪುರಸಭೆಗೆ ಊರನ್ನು ಉದ್ಧಾರ ಮಾಡುವ ಉಮೇದು ಬಂತು. ಊರಿನ ಹಿಂದೆ ಬೆಟ್ಟ, ಬೆಟ್ಟದಿಂದ ಇಳಿದು ಬರುವ ಒಂದು ತೊರೆ. ಆ ತೊರೆಯ ದಂಡೆ ಹಿಡಿದು ಸೇತುವೆಯಿಂದ ಆರು ಕಿಲೋಮೀಟರು ಹತ್ತಿದರೆ ಜಲಪಾತ ಇದೆ ಅಂತ ಕಚೇರಿಯ ಹಳೇ ನಕ್ಷೆಯಲ್ಲಿತ್ತು. ಕಚೇರಿಯಲ್ಲಿ ಯಾರೂ ಅದನ್ನು ನೋಡಿರಲಿಲ್ಲ. ನೋಡಬೇಕಾದ ಅಗತ್ಯವೂ ಅವರಿಗೆ ಕಾಣಲಿಲ್ಲ, ನಕ್ಷೆ ಇತ್ತಲ್ಲ. ಸೇತುವೆ ಹತ್ತಿರ ಒಂದು, ಆಮೇಲೆ ಕಿಲೋಮೀಟರಿಗೊಂದರಂತೆ ಐದು, ಕೊನೆಗೆ ‘ಜಲಪಾತ’ ಅಂತ ಒಂದು, ಒಟ್ಟು ಏಳು ಬೋರ್ಡು ಬರೆದು ನೆಟ್ಟು ಬಾ ಅಂತ ಪೇಂಟರನಿಗೆ ಹೇಳಿದರು. ಎರಡು ದಿನ ಟೈಮು ಕೊಟ್ಟರು.

ದಪ್ಪ ತಗಡು, ಕಬ್ಬಿಣದ ಕಂಬ, ಒಂದೊಂದು ಬೋರ್ಡೂ ಒಂದೊಂದು ಕರುವಿನಷ್ಟು ಭಾರ. ಗಾಡಿಯವನು ಏಳನ್ನೂ ಸೇತುವೆ ಹತ್ತಿರ ಇಳಿಸಿ ಹೊರಟುಹೋದ. ಪೇಂಟರ್ ಮೊದಲನೆಯದನ್ನು ಅಲ್ಲೇ ನೆಟ್ಟ: ‘ಜಲಪಾತ 6 ಕಿ.ಮೀ.’ ಆಮೇಲೆ ಕೂತು ಬೆರಳು ಮಡಚಿ ಎಣಿಸಿದ. ಮೇಲಿನ ಬೋರ್ಡಿಗೆ ಆರು ಹೋಗಿ ಆರು ಬರಬೇಕು, ಅದರ ಕೆಳಗಿನದಕ್ಕೆ ಐದು ಹೋಗಿ ಐದು ಬರಬೇಕು. ಹೀಗೇ ಎಲ್ಲ ಸೇರಿ ನಲವತ್ತೆರಡು ಕಿಲೋಮೀಟರು, ಅದರಲ್ಲಿ ಅರ್ಧ ಹೊರೆ ಹೊತ್ತು ಏರುವುದು. ಜೊತೆಗೆ ಹಾರೆ, ಸಲಿಕೆ, ಸಿಮೆಂಟು. ನ್ಯಾಯವಾಗಿ ಹೇಳಬೇಕೆಂದರೆ, ಇದನ್ನು ಒಬ್ಬನೇ ಎರಡು ದಿನದಲ್ಲಿ ಮಾಡು ಅಂದವರ ತಲೆಯನ್ನೇ ಮೊದಲು ಅಳೆಯಬೇಕಿತ್ತು. ಆದರೆ ಪೇಂಟರ್ ಜಗಳಗಂಟನಲ್ಲ. ಹೊತ್ತುಕೊಂಡು ಹೊರಟ. ಹೆಗಲು ಎಲ್ಲಿ ಸಾಕಪ್ಪಾ ಅಂತೋ ಅಲ್ಲಿ ನೆಟ್ಟ.

‘5 ಕಿ.ಮೀ.’ ಬೋರ್ಡು ಹೆಚ್ಚುಕಡಿಮೆ ಮರ್ಯಾದೆಯ ಜಾಗದಲ್ಲೇ ನಿಂತಿತು. ‘4’ ಅದಕ್ಕಿಂತ ಬೇಗ ಬಂತು, ‘3’ ಇನ್ನೂ ಬೇಗ. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಹೆಗಲಿನ ಚರ್ಮ ಸುಲಿದಿತ್ತು, ‘2’ ಮತ್ತು ‘1’ ಒಂದರಿಂದ ಒಂದಕ್ಕೆ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಬಿದ್ದವು. ಕೊನೆಯ ಬೋರ್ಡು ಹೊತ್ತು ನಡೆಯುವಾಗ ತೊರೆ ಒಂದು ಬಂಡೆಯ ಮೇಲಿಂದ ಕೆಳಗೆ ಧುಮುಕುವ ಜಾಗ ಸಿಕ್ಕಿತು. ಒಂದಾಳೆತ್ತರ. ಸರಿಯಾಗಿ ನೋಡಿದರೆ ಅದಕ್ಕೂ ಒಂದು ಮೊಳ ಕಡಿಮೆ. ನೀರು ಬೀಳುತ್ತಿದೆ ತಾನೇ, ಬೀಳುವ ನೀರಿಗೆ ಜಲಪಾತ ಅನ್ನದೆ ಇನ್ನೇನು ಅಂತಾರೆ ಅಂತ ಪೇಂಟರ್ ತನಗೆ ತಾನೇ ಹೇಳಿಕೊಂಡು ‘ಜಲಪಾತ’ ಅಂತ ನೆಟ್ಟುಬಿಟ್ಟ. ಮರುವಾರ ಅಧಿಕಾರಿ ತಪಾಸಣೆಗೆ ಬಂದರು. ಸೇತುವೆ ಹತ್ತಿರ ಜೀಪು ನಿಲ್ಲಿಸಿ, ಮೊದಲನೇ ಬೋರ್ಡು ನೋಡಿ, ಅಕ್ಷರ ಮುದ್ದಾಗಿದೆ ಅಂದು, ಏಳೂ ಬೋರ್ಡಿಗೆ ಜೀಪಿನಲ್ಲೇ ಸಹಿ ಹಾಕಿದರು.

ಹೀಗೆ ಎರಡೂವರೆ ಕಿಲೋಮೀಟರು ಕೂಡ ಇಲ್ಲದ ದಾರಿ ಆರು ಕಿಲೋಮೀಟರಾಯಿತು. ಮೊದಲನೇ ಭಾನುವಾರವೇ ಊರಿನವರು ಹೋಗಿ ಬಂದರು. ಅಂಚೆ ಕಚೇರಿಯವರೆಗೆ ಹೋಗಲು ನಡುವೆ ಎರಡು ಕಡೆ ಕೂರುತ್ತಿದ್ದ ಕ್ಷೌರಿಕ ಒಂದೇ ಗಂಟೆಯಲ್ಲಿ ಆರು ಕಿಲೋಮೀಟರು ಏರಿ, ಇನ್ನೂ ದಮ್ಮಿದೆ ಅಂತ ಎದೆ ತಟ್ಟಿಕೊಂಡ. ಊರಿಗೆ ಊರೇ ಹಿಗ್ಗಿಹೋಯಿತು. ನಮ್ಮ ಕಾಲಲ್ಲಿ ಇಷ್ಟು ಕಸುವಿತ್ತು ಅಂತ ನಮಗೇ ಗೊತ್ತಿರಲಿಲ್ಲವಲ್ಲ ಅಂತ ಒಬ್ಬರಿಗೊಬ್ಬರು ಹೇಳಿಕೊಂಡು ಓಡಾಡಿದರು. ‘ಆರು ಕಿಲೋಮೀಟರ್ ಸಂಘ’ ಅಂತ ಒಂದು ಹುಟ್ಟಿತು. ನಡೆದು ಬಂದವರಿಗೆಲ್ಲ ಎದೆಗೆ ಚುಚ್ಚಿಕೊಳ್ಳಲು ಹಿತ್ತಾಳೆಯ ಬಿಲ್ಲೆ. ಪೇಂಟರನ ಅಕ್ಕನೇ ಅಧ್ಯಕ್ಷೆ. ಅವಳು ಆ ಬಿಲ್ಲೆಯನ್ನು ಮಲಗುವಾಗ ಮಾತ್ರ ತೆಗೆಯುತ್ತಿದ್ದಳು.

ಊರಿನ ಡಾಕ್ಟರಂತೂ ಔಷಧಿ ಚೀಟಿಯಲ್ಲೇ ಬೋರ್ಡು ಬರೆಯತೊಡಗಿದರು. ರಕ್ತದೊತ್ತಡದವರಿಗೆ ಮೂರನೇ ಬೋರ್ಡಿನವರೆಗೆ, ಸಕ್ಕರೆ ಕಾಯಿಲೆಯವರಿಗೆ ಪೂರ್ತಿ. ಊರಿನವರು ಬೇರೆ ಊರಿಗೆ ಹೋಗಿ ಎರಡು ಕಿಲೋಮೀಟರು ನಡೆದು ಏದುಸಿರು ಬಿಟ್ಟರೆ, ಅಲ್ಲಿನ ಗಾಳಿ ಸರಿಯಿಲ್ಲ ಅನ್ನುತ್ತಿದ್ದರು. ಅಲ್ಲಿನ ಕಿಲೋಮೀಟರೇ ಉದ್ದ ಕಣ್ರೀ ಅಂತ ಒಬ್ಬರು ಹೇಳಿದ್ದೂ ಉಂಟು. ಶಾಲೆಯ ಗಣಿತದ ಮೇಷ್ಟ್ರು ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ ಹಗ್ಗ ಹಿಡಿದು ಅಳೆದರು. ಎರಡು ಕಿಲೋಮೀಟರು ನಾನೂರು ಮೀಟರು ಬಂತು. ಹಗ್ಗ ತೊರೆಯಲ್ಲಿ ನೆನೆದು ಹಿಗ್ಗಿದೆ ಅಂತ ತೀರ್ಮಾನವಾಗಿ, ಮೇಷ್ಟ್ರೇ ಮಕ್ಕಳ ಪುಸ್ತಕದಲ್ಲಿ ಆರು ಅಂತ ತಿದ್ದಿಸಿದರು.

ಪೇಂಟರ್ ಇದನ್ನೆಲ್ಲ ನೋಡುತ್ತ ಮೊದಲು ಬೆಚ್ಚಿದ, ಆಮೇಲೆ ಅಭ್ಯಾಸ ಮಾಡಿಕೊಂಡ, ಆಮೇಲೆ, ನಾಚಿಕೆಯ ವಿಷಯ, ಖುಷಿಯನ್ನೇ ಪಟ್ಟ. ಕ್ಷೌರಿಕನ ಅಂಗಡಿಯಲ್ಲಿ ಸರದಿ ಕಾಯದೆ ಕುರ್ಚಿ ಸಿಗುತ್ತಿತ್ತು. ಬೆಟ್ಟದ ದಾರಿ ತೋರಿಸಿದವನು ಅಂತ ಸಂಘದ ಸಭೆಯಲ್ಲಿ ಮುಂದಿನ ಸಾಲು. ಹಲ್ಲಿನ ಬೋರ್ಡಿಗೂ ಬ್ರೆಡ್ಡಿನ ಬೋರ್ಡಿಗೂ ಸಿಗದ ಮರ್ಯಾದೆ ಈ ಬೋರ್ಡುಗಳಿಂದ ಸಿಕ್ಕಿತು. ಅವನು ಮಾತ್ರ ಆ ದಾರಿಯಲ್ಲಿ ಮತ್ತೆ ಕಾಲಿಡಲಿಲ್ಲ. ಕರೆದರೆ, ಹೊತ್ತವನಿಗೆ ಸಾಕಾಗಿದೆಯಪ್ಪ ಅಂತ ಹೆಗಲು ಮುಟ್ಟಿ ತೋರಿಸುತ್ತಿದ್ದ. ಎಲ್ಲರೂ ನಗುತ್ತಿದ್ದರು.

ಹೆಂಡತಿಯೂ ಹೋಗಿರಲಿಲ್ಲ. ಅವಳ ಮೊಣಕಾಲು ಮಿಷನ್ನು ತುಳಿದೂ ತುಳಿದೂ ಸವೆದುಹೋಗಿತ್ತು. ಎಂಟು ತಿಂಗಳ ಹಿಂದೆ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಬಲ ಮೊಣಕಾಲಿಗೆ ಹೊಸ ಕೀಲು ಹಾಕಿದರು. ಮನೆಗೆ ಬಂದವಳು ಒಂದು ತಿಂಗಳು ಕಿಟಕಿ ಪಕ್ಕದ ಕುರ್ಚಿಯಲ್ಲೇ ಕೂತಳು. ಬಚ್ಚಲಿಗೆ ಹೋಗಲೂ ಗಂಡನ ಹೆಗಲು. ಒಂದು ದಿನ ಅವಳನ್ನು ನೋಡಲು ಬಂದಿದ್ದ ಅಕ್ಕ, ಪಡಸಾಲೆಯಲ್ಲಿ ನಿಂತು ಫೋನಿನಲ್ಲಿ ಯಾರಿಗೋ, “ಅವಳದಿನ್ನು ಮುಗೀತು ಬಿಡಿ, ಕುರ್ಚಿಯೇ ಗತಿ, ಪಾಪ ನನ್ನ ತಮ್ಮ,” ಅಂದದ್ದು ಒಳಗೆ ಕೇಳಿಸಿತು. ಅಂದು ರಾತ್ರಿ ಹೆಂಡತಿ ಊಟ ಮಾಡಲಿಲ್ಲ, ಅಷ್ಟೇ.

ಮರುವಾರ ಮಗಳು ಬಂದು ತಾಯಿಯ ಕೈಗೆ ಹೆಜ್ಜೆ ಎಣಿಸುವ ಕೈಗಡಿಯಾರ ಕಟ್ಟಿ ಹೋದಳು. ಅಂದಿನಿಂದ ಟೆರೇಸಿನ ಮೇಲೆ ನಡಿಗೆ ಶುರು. ನೀರಿನ ಟ್ಯಾಂಕಿನಿಂದ ಬಟ್ಟೆ ಒಣಹಾಕುವ ತಂತಿಯವರೆಗೆ, ತಂತಿಯಿಂದ ಟ್ಯಾಂಕಿನವರೆಗೆ. ಮೊದಲ ದಿನ ಇನ್ನೂರು ಮೀಟರಿಗೆ ಅತ್ತುಬಿಟ್ಟಳು. ಮೂರನೇ ವಾರಕ್ಕೆ ಅರ್ಧ ಕಿಲೋಮೀಟರು. ಪ್ರತಿ ದಿನದ ಲೆಕ್ಕವನ್ನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಟ್ಯಾಂಕಿನ ಮೇಲೆ ಬರೆಯುತ್ತ ಬಂದಳು. ಐದು ತಿಂಗಳು ಕಳೆಯುವಷ್ಟರಲ್ಲಿ ಬೆಳಿಗ್ಗೆ ಆರು ಕಿಲೋಮೀಟರು, ಸಂಜೆ ಆರು ಕಿಲೋಮೀಟರು ನಡೆಯುವವಳಾದಳು. ಕೆಳಗೆ ಅಂಗಡಿಯಲ್ಲಿ ಬ್ರಷ್ಷು ಹಿಡಿದ ಪೇಂಟರನಿಗೆ ತಲೆ ಮೇಲೆ ಹೆಂಡತಿಯ ಹೆಜ್ಜೆಯ ಸಪ್ಪಳ ಕೇಳುತ್ತಲೇ ಇರುತ್ತಿತ್ತು. ಅವನಿಗೆ ಒಳಗೊಳಗೇ ಹೆಮ್ಮೆ. ಯಾಕೆ ಆರೇ ಕಿಲೋಮೀಟರು ಅಂತ ಮಾತ್ರ ಹೊಳೆದಿರಲಿಲ್ಲ.

“ಬರೋ ಭಾನುವಾರ ನಾನೂ ಸಂಘದ ಜೊತೆ ಹೋಗ್ತೀನಿ ಕಣ್ರೀ,” ಅಂದಳು ಒಂದು ಸಂಜೆ. “ಆರು ಹತ್ತಿ, ಸ್ವಲ್ಪ ಕೂತು, ಆರು ಇಳೀತೀನಿ. ಅಷ್ಟು ನಡೆದುಬಿಟ್ರೆ ನನ್ನ ಕಾಲು ನನ್ನದು. ಆಮೇಲೆ ಯಾರು ಏನಂದ್ರೂ ನನಗೆ ಚಿಂತೆಯಿಲ್ಲ.”

ಪೇಂಟರ್ ನೆಪ ಹುಡುಕತೊಡಗಿದ. ದಾರಿ ಜಾರುತ್ತೆ ಕಣೆ ಅಂದ. ಅವಳು ಹೊಸ ಬೂಟು ತೋರಿಸಿದಳು. ಹಾವಿರುತ್ತೆ ಅಂದ. ಹನ್ನೆರಡು ವರ್ಷದಿಂದ ಯಾರನ್ನಾದ್ರೂ ಕಚ್ಚಿದೆಯಾ ಅಂತ ಕೇಳಿದಳು. ಸರಿ, ಹೋಗು, ಆದ್ರೆ ಆ ಕೈಗಡಿಯಾರ ಯಾಕೆ, ನೀರಲ್ಲಿ ಬಿದ್ರೆ ಹಾಳಾಗುತ್ತೆ ಅಂದ. ನೀರಲ್ಲಿ ಬಿದ್ರೂ ಕೆಡಲ್ಲವಂತೆ, ಮಗಳು ಹೇಳಿದ್ದಾಳೆ ಅಂದಳು. ಶುಕ್ರವಾರ ಅದರ ಚಾರ್ಜರು ಕಾಣೆಯಾಯಿತು. ಅದು ಸಿಕ್ಕಿದ್ದು ಒಣಗಿದ ಹಸಿರು ಬಣ್ಣದ ಡಬ್ಬಿಯೊಳಗೆ, ಹೆಂಡತಿಯ ಕೈಗೇ. ಇಲ್ಲಿಗೆ ಹೇಗೆ ಬಂತೋ ಅಂತ ಪೇಂಟರ್ ಅವಳಿಗಿಂತ ಜೋರಾಗಿ ಆಶ್ಚರ್ಯಪಟ್ಟ. ಬೇರೆ ದಾರಿ ಕಾಣದೆ, ನಾನೂ ಬರ್ತೀನಿ ಅಂದ.

ಭಾನುವಾರ ಬೆಳಿಗ್ಗೆ ಏಳಕ್ಕೆ ಸೇತುವೆ ಹತ್ತಿರ ಎಂಟು ಹತ್ತು ಜನ ಸೇರಿದರು. ಅಕ್ಕ ಬಿಲ್ಲೆ ಚುಚ್ಚಿಕೊಂಡು, ಕೊರಳಿಗೆ ಸೀಟಿ ಹಾಕಿಕೊಂಡು ನಿಂತಿದ್ದಳು. ಡಾಕ್ಟರು ಕೈಕಾಲು ಬೀಸಿ ಕಸರತ್ತು ಮಾಡುತ್ತಿದ್ದರು. ಪೇಂಟರನನ್ನು ನೋಡಿ ಕ್ಷೌರಿಕನಿಗೆ ಖುಷಿಯೋ ಖುಷಿ. “ದಾರಿ ಮಾಡಿದ ಪುಣ್ಯಾತ್ಮ ಇವತ್ತು ಜೊತೇಲೇ ಬರ್ತಾ ಇದಾನೆ,” ಅಂತ ಬೆನ್ನು ತಟ್ಟಿದ. ಅಕ್ಕ ಅತ್ತಿಗೆಯಾಗಿ ತನಗಿರುವ ಹಕ್ಕನ್ನು ಬಿಟ್ಟುಕೊಡಲಿಲ್ಲ. “ನೋಡಮ್ಮ, ಆಗಲ್ಲ ಅನ್ನಿಸಿದ್ರೆ ನಾಲ್ಕನೇ ಬೋರ್ಡಲ್ಲೇ ಕೂತುಬಿಡು. ನಾಚಿಕೆಪಟ್ಕೋಬೇಡ,” ಅಂದಳು. ಹೆಂಡತಿ ಗಡಿಯಾರವನ್ನು ಸೊನ್ನೆಗೆ ತಂದು ನಡೆಯತೊಡಗಿದಳು.

ದಾರಿ ನಿಜಕ್ಕೂ ಚೆನ್ನಾಗಿತ್ತು. ಎಡಗಡೆ ತೊರೆ, ಕಲ್ಲಿನಿಂದ ಕಲ್ಲಿಗೆ ಹರಿಯುವ ತಣ್ಣನೆ ನೀರು, ಬಲಗಡೆ ಜರಿಗಿಡ ತುಂಬಿದ ದಿಬ್ಬ. ಪೇಂಟರನ ಕಣ್ಣಿಗೆ ಅದೊಂದೂ ಬೀಳಲಿಲ್ಲ. ಅವನ ಕಣ್ಣು ಹೆಂಡತಿಯ ಎಡಗೈ ಮೇಲಿತ್ತು. ‘5 ಕಿ.ಮೀ.’ ಬೋರ್ಡಿನ ಹತ್ತಿರ ಅವಳು ಗಡಿಯಾರ ನೋಡಿದಳು, ಮುಂದೆ ನಡೆದಳು. ‘4’ರ ಹತ್ತಿರ ನೋಡಿದಳು, ಹುಬ್ಬು ಗಂಟಿಕ್ಕಿದಳು. ‘3’ರ ಹತ್ತಿರ ನಿಂತು ಕೈ ಕೊಡವಿದಳು, ಗಾಜಿಗೆ ಬೆರಳಲ್ಲಿ ತಟ್ಟಿದಳು.

“ಏನಾಯ್ತೇ?” ಅಂದ ಪೇಂಟರ್.

“ಒಂದೂವರೆ ತೋರಿಸ್ತಿದೆ. ಮೂರು ಆಗ್ಬೇಕಿತ್ತಲ್ಲ.”

“ಕಣಿವೆ ಅಲ್ವಾ, ಸಿಗ್ನಲ್ ಇರಲ್ಲ.”

“ಇದು ಸಿಗ್ನಲ್ ನೋಡಲ್ಲ ಕಣ್ರೀ, ಹೆಜ್ಜೆ ಎಣಿಸುತ್ತೆ,” ಅಂದು ಅವಳು ಮುಂದೆ ನಡೆದಳು. ನಡಿಗೆಯಲ್ಲಿ ಮೊದಲಿನ ಹುರುಪಿರಲಿಲ್ಲ.

ಎಂಟೂ ಕಾಲಿಗೆ ‘ಜಲಪಾತ’ ಬಂತು. ಸಂಘದವರು ಚಪ್ಪಾಳೆ ತಟ್ಟಿದರು. ಬಂಡೆಯ ಮೇಲಿಂದ ನೀರು ಬೀಳುತ್ತಿತ್ತು, ಬಚ್ಚಲಿನ ನಲ್ಲಿಗಿಂತ ಜೋರಾಗಿ ಅನ್ನಬಹುದು. ಕ್ಷೌರಿಕ ನೆಲದ ಮೇಲೆ ಅಂಗಾತ ಮಲಗಿ ಫೋಟೋ ತೆಗೆಯುತ್ತಿದ್ದ. ಹಾಗೆ ತೆಗೆದರೆ ನೀರು ಮುಗಿಲಿನಿಂದ ಬೀಳುವಂತೆ ಕಾಣುತ್ತದೆ ಅನ್ನುವುದು ಊರಿನವರೆಲ್ಲ ಕಲಿತ ವಿದ್ಯೆ. ಅಕ್ಕ ಸೀಟಿ ಊದಿ ಎಲ್ಲರನ್ನೂ ಸುತ್ತ ನಿಲ್ಲಿಸಿ, ಚೀಲದಿಂದ ಹೊಸ ಬಿಲ್ಲೆ ತೆಗೆದು ತಮ್ಮನ ಹೆಂಡತಿಯ ಎದುರಿಗೆ ಬಂದಳು.

ಹೆಂಡತಿ ಬಿಲ್ಲೆ ತೆಗೆದುಕೊಳ್ಳಲಿಲ್ಲ. “ಅಕ್ಕ, ನಾನು ಆರು ನಡೆದಿಲ್ಲ. ಎರಡು ಪಾಯಿಂಟು ನಾಲ್ಕು ನಡೆದಿದೀನಿ. ನೋಡಿ,” ಅಂತ ಕೈ ಮುಂದೆ ಚಾಚಿದಳು.

ಎಲ್ಲರೂ ಬಗ್ಗಿ ನೋಡಿದರು, ಎಲ್ಲರೂ ನಕ್ಕರು. “ಗಡಿಯಾರ ಕೆಟ್ಟಿದೆ ಬಿಡಮ್ಮ,” ಅಂದಳು ಅಕ್ಕ.

“ಕೆಟ್ಟಿಲ್ಲ. ದಿನಾ ಇದನ್ನೇ ನೋಡ್ಕೊಂಡು ಟೆರೇಸ್ ಮೇಲೆ ಆರು ನಡೀತಿದ್ದೆ.”

ಆಗ ಡಾಕ್ಟರು ವಿದ್ಯಾವಂತರಾದ್ದರಿಂದ ವಿವರಣೆ ಕೊಟ್ಟರು. “ಅಲ್ಲೇ ಇರೋದು ನೋಡಿ ತಪ್ಪು. ಚಿಕ್ಕ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ತಿರುಗಿದಾಗ ಈ ಮೆಷಿನ್ನು ಒಂದಕ್ಕೆ ಎರಡು ಎಣಿಸುತ್ತೆ. ನೀವು ಮನೇಲಿ ಆರು ನಡೆದಿಲ್ಲಮ್ಮ. ಎರಡೋ ಮೂರೋ ನಡೆದಿರಬೇಕು. ಬೇಜಾರು ಮಾಡ್ಕೋಬೇಡಿ, ಆಪರೇಷನ್ ಆದೋರಿಗೆ ಅದೇ ಹೆಚ್ಚು.”

“ಅದನ್ನೇ ನಾನು ಮೊದಲಿಂದ ಹೇಳ್ತಿರೋದು,” ಅಂದಳು ಅಕ್ಕ. “ಸೊಂಟ ಹಿಡ್ಕೊಂಡು ಏಳೋಳು ದಿನಕ್ಕೆ ಹನ್ನೆರಡು ಕಿಲೋಮೀಟರ್ ಅಂತೆ.”

ಹೆಂಡತಿ ಅಲ್ಲೇ ಒಂದು ಕಲ್ಲಿನ ಮೇಲೆ ಕೂತಳು. ಒಂದು ಕೈ ತಾನಾಗಿ ಬಲ ಮೊಣಕಾಲಿಗೆ ಹೋಯಿತು. ಅವಳು ಸುಸ್ತಾಗಿ ಕೂತದ್ದಲ್ಲ, ಅದು ಪೇಂಟರನಿಗೆ ಗೊತ್ತಿತ್ತು. ಟ್ಯಾಂಕಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ ಐದು ತಿಂಗಳನ್ನು ಅವಳು ಒಳಗೊಳಗೇ ಒಂದೊಂದಾಗಿ ಒರೆಸುತ್ತಿದ್ದಳು. ಅವಳು ಗಂಡನ ಕಡೆ ನೋಡಿದಳು. ಊರಿನಲ್ಲಿ ಆ ದಾರಿಯನ್ನು ಬಲ್ಲವನು ಅವನೊಬ್ಬನೇ ಅಂತ ಎಲ್ಲರಂತೆ ಅವಳೂ ನಂಬಿದ್ದಳು.

“ಏನ್ರೀ,” ಅಂದಳು ಮೆಲ್ಲಗೆ. “ಹಾಗಾದ್ರೆ ನಾನು ನಡೆದೇ ಇಲ್ವಾ?”

ಇಲ್ಲ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅವಳು ಬಿಲ್ಲೆ ಚುಚ್ಚಿಕೊಂಡು ಮನೆಗೆ ಬಂದು ಮತ್ತೆ ಕಿಟಕಿ ಪಕ್ಕದ ಕುರ್ಚಿ ಹಿಡಿಯುತ್ತಿದ್ದಳು, ಅವನಿಗೆ ಕ್ಷೌರಿಕನ ಕುರ್ಚಿಯೂ ಸಭೆಯ ಮುಂದಿನ ಸಾಲೂ ಹಾಗೇ ಉಳಿಯುತ್ತಿದ್ದವು. ಹೆಂಡತಿಯ ಕೈ ಇನ್ನೂ ಮೊಣಕಾಲಿನ ಮೇಲೇ ಇತ್ತು. ಅದನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ.

“ಗಡಿಯಾರ ಸರಿಯಾಗಿದೆ ಕಣೆ,” ಅಂದ. “ಬೋರ್ಡು ತಪ್ಪು. ನಾನು ಹೊರಲಾರದೆ ಹತ್ತಿರ ಹತ್ತಿರ ನೆಟ್ಟೆ. ಇದು ಜಲಪಾತ ಅಲ್ಲ. ಜಲಪಾತ ಇನ್ನೂ ಮೇಲಿದೆ. ನೀನು ಟೆರೇಸ್ ಮೇಲೆ ನಡೆದದ್ದು ನಿಜವಾಗ್ಲೂ ಆರೇ.”

ಮೊದಲು ಕ್ಷೌರಿಕ ನಕ್ಕ. “ಪೇಂಟರಣ್ಣ, ತಮಾಷೆಗೂ ಒಂದು ಮಿತಿ ಬೇಕಪ್ಪ,” ಅಂದ. ಡಾಕ್ಟರು ಹತ್ತಿರ ಬಂದು ಅವನ ಹಣೆ ಮುಟ್ಟಿ, ಬಿಸಿಲಿಗೆ ಹೀಗಾಗುತ್ತೆ, ನೀರು ಕುಡಿಸಿ ಅಂದರು. ನಿಜ ಸಾರ್, ಎರಡೂವರೆ ಕೂಡ ಇಲ್ಲ ಸಾರ್ ಅಂತ ಪೇಂಟರ್ ಅಂದಾಗ ಅವರ ಮುಖ ಒಂದು ಥರ ಆಯಿತು. ಹನ್ನೆರಡು ವರ್ಷದಲ್ಲಿ ತಾವು ಬರೆದ ಚೀಟಿಗಳೆಲ್ಲ ಕಣ್ಣ ಮುಂದೆ ಬಂದಿರಬೇಕು. “ಇಲ್ಲ, ಅದು ಸಾಧ್ಯವೇ ಇಲ್ಲ,” ಅಂತ ತಮಗೇ ಹೇಳಿಕೊಂಡು, ದೂರ ಹೋಗಿ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟತೊಡಗಿದರು.

ಅಕ್ಕನ ಸಿಟ್ಟು ನೆತ್ತಿಗೇರಿತ್ತು. “ಹೆಂಡತಿ ಮಾನ ಉಳಿಸೋಕೆ ಊರಿನ ಮಾನ ತೆಗೀತೀಯೇನೋ? ಒಡಹುಟ್ಟಿದವಳು ಅನ್ನೋದೂ ಬೇಡವಾ ನಿನಗೆ?”

ಮಾತಿನಲ್ಲಿ ಆಗದ್ದನ್ನು ಮಾಡಿ ತೋರಿಸುತ್ತೇನೆ ಅಂತ ಪೇಂಟರ್ ‘ಜಲಪಾತ’ ಬೋರ್ಡಿನ ಕಂಬವನ್ನು ತಬ್ಬಿ ಎಳೆದ. ಅದು ಎಳ್ಳಷ್ಟೂ ಅಲುಗಲಿಲ್ಲ. ನೆಟ್ಟದ್ದು ತಪ್ಪು ಜಾಗದಲ್ಲಿ, ಆದರೆ ಒಳ್ಳೇ ಸಿಮೆಂಟು ಹಾಕಿ ನೆಟ್ಟಿದ್ದ. ಅವನು ಕೆಂಪಾಗಿ, ಬೆವೆತು, ಮತ್ತೆ ಎಳೆದ. ಅಕ್ಕ ಬಂದು ಕಂಬಕ್ಕೆ ಬೆನ್ನು ಕೊಟ್ಟು ಕೂತೇಬಿಟ್ಟಳು. ಕೂತಲ್ಲಿಂದಲೇ ಸೀಟಿ ಊದಿ ಸಂಘದ ತುರ್ತು ಸಭೆ ಕರೆದಳು. ಈ ದಾರಿ ಆರು ಕಿಲೋಮೀಟರು ಅನ್ನುವವರು ಕೈ ಎತ್ತಿ ಅಂದಳು. ಎಲ್ಲರೂ ಎತ್ತಿದರು. ಡಾಕ್ಟರು ದೂರದಿಂದಲೇ, ಬೂಟಿನ ದಾರ ಬಿಡದೆ, ಒಂದು ಕೈ ಎತ್ತಿದರು. ಹೀಗೆ ಕಿಲೋಮೀಟರು ಬಹುಮತದಿಂದ ಪಾಸಾಯಿತು.

ಈ ಗದ್ದಲದ ನಡುವೆ ಹೆಂಡತಿ ಎದ್ದು ಬಂದು ಗಂಡನ ಎದುರು ನಿಂತದ್ದನ್ನು ಯಾರೂ ಗಮನಿಸಲಿಲ್ಲ.

“ಮೇಲೆ ಇದೆಯಾ?” ಅಂದಳು.

“ನಕ್ಷೇಲಿತ್ತು.”

“ನೀವು ನೋಡಿದೀರಾ?”

“ಇಲ್ಲ.”

ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ, ಬಂಡೆಯ ಪಕ್ಕದ ಸಂದಿಯಲ್ಲಿ ಕೈಯೂರಿ ಹತ್ತಿ, ತೊರೆಯ ದಂಡೆ ಹಿಡಿದು ಹೊರಟೇಬಿಟ್ಟಳು. ಪೇಂಟರ್ ಬುತ್ತಿಯ ಚೀಲ ಎತ್ತಿಕೊಂಡು ಹಿಂದೆ ಓಡಿದ. ಜಲಪಾತ ದಾಟಿ ಎಲ್ಲಿಗೆ ಹೋಗ್ತೀರಿ, ಮೇಲೇನೂ ಇಲ್ಲ, ಬೋರ್ಡೇ ಇಲ್ಲ ಅಂತ ಕ್ಷೌರಿಕ ಕೂಗುವುದು ಸ್ವಲ್ಪ ದೂರದವರೆಗೆ ಕೇಳಿಸುತ್ತಿತ್ತು.

ಅಲ್ಲಿಂದ ಮುಂದೆ ದಾರಿಯೇ ಇರಲಿಲ್ಲ. ತೊರೆಯೇ ದಾರಿ. ಒಮ್ಮೆ ಈ ದಂಡೆ, ಒಮ್ಮೆ ಆ ದಂಡೆ, ಕೆಲವೆಡೆ ಮೊಣಕಾಲುದ್ದದ ನೀರಿನಲ್ಲಿ. ಹೆಂಡತಿ ಅವಸರ ಮಾಡಲಿಲ್ಲ. ಕೋಲೊಂದನ್ನು ಹಿಡಿದು, ಕಾಲಿಡುವ ಕಲ್ಲನ್ನು ಮೊದಲು ಒತ್ತಿ ನೋಡಿ, ಆಮೇಲೆ ಭಾರ ಬಿಟ್ಟು, ಮಿಷನ್ನಿನಲ್ಲಿ ಹೊಲಿಗೆ ಹಾಕುವಷ್ಟೇ ಒಂದೇ ಸಮನೆ ನಡೆದಳು. ಪೇಂಟರ್ ಎರಡು ಸಲ ಜಾರಿ ಕುಂಡೆ ಊರಿದ. ಮೂರು ಅಂದಳು ಅವಳು ಗಡಿಯಾರ ನೋಡಿ. ಬಹಳ ಹೊತ್ತಿನ ಮೇಲೆ ನಾಲ್ಕು ಅಂದಳು. ನಾಲ್ಕು ಕಿಲೋಮೀಟರು ಅಂದರೆ ಎಷ್ಟು ದೂರ ಅಂತ ಪೇಂಟರನಿಗೆ ಐವತ್ತೆಂಟನೇ ವಯಸ್ಸಿನಲ್ಲಿ ತಿಳಿಯಿತು.

ಐದಾದ ಮೇಲೆ ಕಣಿವೆ ಕಿರಿದಾಗಿ ದೊಡ್ಡ ದೊಡ್ಡ ಬಂಡೆಗಳು ಶುರುವಾದವು. ಒಂದು ಬಂಡೆ ಏರಿ ಇಳಿಯುವಷ್ಟರಲ್ಲಿ ಅವನ ತೊಡೆ ಗಡಗಡ ನಡುಗತೊಡಗಿತು. ಎರಡನೇ ಬಂಡೆಯ ಬುಡದಲ್ಲಿ ಕುಸಿದು ಕೂತ.

“ನನ್ನ ಕೈಲಾಗಲ್ಲ ಕಣೆ. ಇಲ್ಲೂ ನೀರು ಚೆನ್ನಾಗೇ ಬೀಳ್ತಿದೆ ನೋಡು. ಇದೇ ಇರಬಹುದು.”

ಅವನು ತೋರಿಸಿದ ಕಡೆ ನೀರು ಒಂದು ಗೇಣು ಬೀಳುತ್ತಿತ್ತು. ಹೆಂಡತಿ ಅದನ್ನೂ ನೋಡಿದಳು, ಅವನನ್ನೂ ನೋಡಿದಳು. ಅವನ ಹೆಗಲಿನ ಬುತ್ತಿಯ ಚೀಲ ಇಳಿಸಿ ಪಕ್ಕದಲ್ಲಿಟ್ಟು, “ಇಲ್ಲೇ ಇರಿ,” ಅಂದು ಬಂಡೆ ಹತ್ತಿ ಆ ಕಡೆ ಇಳಿದಳು. ಅವಳ ಬೂಟಿನ ಸದ್ದು ಸ್ವಲ್ಪ ಹೊತ್ತು ಕೇಳಿ ನಿಂತುಹೋಯಿತು.

ಪೇಂಟರ್ ಒಬ್ಬನೇ ಉಳಿದ. ಹತ್ತು ನಿಮಿಷ, ಇಪ್ಪತ್ತು, ಮುಕ್ಕಾಲು ಗಂಟೆ. ಬುತ್ತಿ ಬಿಚ್ಚಲು ಮನಸ್ಸಾಗಲಿಲ್ಲ. ಹೊಸ ಕೀಲು ಜಾರಿದರೆ ಗತಿಯೇನು ಅಂತ ಒಂದು ಭಯ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಮೇಲೆ ಏನೂ ಇಲ್ಲದಿದ್ದರೆ? ಯಾವನೋ ತನ್ನಂಥವನೇ ಕಚೇರಿಯಲ್ಲಿ ಕೂತು, ಎಲ್ಲೋ ಒಂದು ಕಡೆ ಇರಲಿ ಅಂತ ನಕ್ಷೆಯ ಮೇಲೆ ನೀಲಿ ಚುಕ್ಕೆ ಇಟ್ಟಿದ್ದರೆ? ಇಂಥವರು ಜಗತ್ತಿನಲ್ಲಿ ಎಷ್ಟು ಜನ ಇರಬಹುದು? ಊರೆಲ್ಲ ಕೈ ಎತ್ತಿ ಸುಳ್ಳು ಅಂದಾಗ ಅವನ ಮಾತನ್ನು ನಂಬಿ ಹೋದವಳು ಅವಳೊಬ್ಬಳೇ. ದೇವರೇ, ಇರಲಿ, ಎಷ್ಟಾದರೂ ಎತ್ತರ ಇರಲಿ, ಅಲ್ಲೊಂದು ಇರಲಿ ಅಂತ ಅವನು ಬೇಡಿಕೊಂಡ.

ಬಂಡೆಯ ಮೇಲೆ ಮೊದಲು ಕೋಲು ಕಾಣಿಸಿತು, ಆಮೇಲೆ ಹೆಂಡತಿ. ತಲೆಯಿಂದ ಕಾಲಿನವರೆಗೆ ಒದ್ದೆ. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ಎಷ್ಟೋ ವರ್ಷದಿಂದ ನೋಡಿರದ ಒಂದು ಮುಖ ಹೊತ್ತುಕೊಂಡು ಅವಳು ಬಂಡೆ ಇಳಿದಳು, ಬಲಗಾಲು ಮುಂದಿಟ್ಟು.

“ಇತ್ತಾ?” ಅಂದ.

“ಇತ್ತು.”

“ದೊಡ್ಡದಾ? ಎಷ್ಟೆತ್ತರ? ಒಂದೇ ಧಾರೆಯಾ, ಎರಡಾ?”

ಅವಳು ಹೇಳಲು ಬಾಯಿ ತೆರೆದಳು. ಕೈಯನ್ನು ಮೇಲಕ್ಕೆತ್ತಿ ತೋರಿಸಲೂ ಹೊರಟಳು. ಆಮೇಲೆ ಕೈ ಕೆಳಗಿಳಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು.

“ಹೇಳಲ್ಲ,” ಅಂದಳು. “ನಾನು ಹೇಳಿದ್ರೆ ನೀವು ಇಲ್ಲೇ ಕೂತು ಅದನ್ನೂ ಬರೆದುಬಿಡ್ತೀರಿ. ಏಳಿ. ಇನ್ನು ಅರ್ಧವೇ ಕಿಲೋಮೀಟರು.”

ಪೇಂಟರ್ ತನ್ನ ನಡುಗುವ ತೊಡೆಯನ್ನು ನೋಡಿಕೊಂಡ. “ಯಾರ ಕಿಲೋಮೀಟರು?” ಅಂದ.

“ನನ್ನದು,” ಅಂದು ಅವಳು ಮತ್ತೆ ಬಂಡೆ ಹತ್ತತೊಡಗಿದಳು.